ಎಳೆತವೋ ಅಭಿಗಮನವೋ

ನನ್ನ ಗಂಡನ ಹೆಸರನ್ನು ನಾನು ಇವತ್ತಿಗೂ ಬಾಯಿಬಿಟ್ಟು ಹೇಳಿದವಳಲ್ಲ. ಅಪ್ಪನ ಹೆಸರನ್ನಂತೂ ಕೇಳಲೇಬೇಡಿ. ಆದ್ದರಿಂದ ಇಲ್ಲಿ ಯಾರ ಹೆಸರೂ ಸಿಗುವುದಿಲ್ಲ. ಸಿಗುವುದು ಒಂದು ದೋಣಿ, ಎರಡು ಹುಟ್ಟು, ಮತ್ತು ಆ ಹುಟ್ಟನ್ನು ನೀರಿನಲ್ಲಿ ನೆಟ್ಟು ತಮ್ಮ ಕಡೆಗೆ ಎಳೆದುಕೊಳ್ಳುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬ ವಿಷಯಕ್ಕೆ ಮಾತು ಬಿಟ್ಟ ಇಬ್ಬರು ಗಂಡಸರು. ಒಬ್ಬರು ನನ್ನ ಅಪ್ಪ, ಇನ್ನೊಬ್ಬರು ನನ್ನ ಗಂಡ. ಆ ಒಂದು ಶಬ್ದ ತೀರ್ಮಾನವಾಗುವ ತನಕ ನಾನು ಗಂಡನ ಮನೆಗೆ ಹೋಗುವ ಹಾಗಿರಲಿಲ್ಲ. ನಗಬೇಡಿ. ಈ ವಿಷಯಕ್ಕೆ ನಕ್ಕವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಅದು ಮೂವತ್ತರ ದಶಕ. ಅಪ್ಪ ಶಿವಮೊಗ್ಗದಲ್ಲಿ ಹೈಸ್ಕೂಲಿನ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಸಂಸ್ಕೃತ. ನಾನು ಒಬ್ಬಳೇ ಮಗಳು. ನನ್ನನ್ನು ನೋಡಲು ಬಂದ ಗಂಡುಗಳಲ್ಲಿ ಒಬ್ಬನಿಗೆ ಉಚ್ಚಾರ ಸರಿಯಿಲ್ಲ, ಇನ್ನೊಬ್ಬ ಆಕಳಿಸುವಾಗ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ, ಮತ್ತೊಬ್ಬನ ಊರು ದೂರ, ಅದರ ಪಕ್ಕದ ಊರಿನವನ ಮೂಗು ಉದ್ದ. ಹೀಗೆ ಅಪ್ಪ ಒಬ್ಬೊಬ್ಬರಲ್ಲೂ ಒಂದೊಂದು ಹುಳುಕು ತೆಗೆದು ಕಳಿಸಿ, ನಾನು ಇಪ್ಪತ್ತು ದಾಟಿದ್ದೆ. ಆ ಕಾಲಕ್ಕೆ ಅದು ಹಣ್ಣುಮುದುಕಿಯ ವಯಸ್ಸು. ಕೊನೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದ ಇವರು ಬಂದರು. ಇವರಲ್ಲಿ ಹುಳುಕು ಹುಡುಕುವಷ್ಟರಲ್ಲಿ ಅವ್ವ ಎದ್ದು ಹೋಗಿ ತಟ್ಟೆಗೆ ತಾಂಬೂಲ ಹಾಕಿಕೊಂಡು ಬಂದುಬಿಟ್ಟಳು.

ಮದುವೆಯಾದಾಗ ಇವರಿಗೆ ಕ್ವಾರ್ಟರ್ಸ್ ಸಿಕ್ಕಿರಲಿಲ್ಲ. ದೀಪಾವಳಿಯ ಹೊತ್ತಿಗೆ ಸಿಗುತ್ತದೆ, ಹಬ್ಬಕ್ಕೆ ಬಂದ ಅಳಿಯ ಹೋಗುವಾಗ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಾನೆ ಎಂದು ಮಾತಾಗಿತ್ತು. ಕ್ವಾರ್ಟರ್ಸಿನ ಜೊತೆಗೆ ಇವರಿಗೆ ಇನ್ನೊಂದು ವಸ್ತುವೂ ಸಿಕ್ಕಿತು. ಕಾರ್ಖಾನೆಯಲ್ಲಿ ಇವರಿಗೆ ಮೇಲಿನವನಾಗಿದ್ದ ಒಬ್ಬ ಪರದೇಶದ ಇಂಜಿನಿಯರ್ ತನ್ನ ಊರಿಗೆ ವಾಪಸು ಹೊರಟಾಗ ತನ್ನ ದೋಣಿಯನ್ನು ಇವರ ತಲೆಗೆ ಕಟ್ಟಿ ಹೋದ. ರೈಲಿನವರು ಅದನ್ನು ಸಾಮಾನು ಎಂದು ಒಪ್ಪಲಿಲ್ಲವಂತೆ. ನಮ್ಮ ಹೊಳೆಗಳ ಹರಿಗೋಲಿನ ಹಾಗೆ ದುಂಡಗಿನದಲ್ಲ ಅದು. ಉದ್ದ, ಸಣಕಲು, ಎರಡು ತುದಿಯೂ ಚೂಪು. ಜೊತೆಗೆ ಎರಡು ಹುಟ್ಟು ಮತ್ತು ಒಂದು ಇಂಗ್ಲಿಷ್ ಪುಸ್ತಕ. ಹುಟ್ಟನ್ನು ಹೇಗೆ ಹೇಗೆ ಹಾಕಿದರೆ ದೋಣಿ ಯಾವ ಯಾವ ಕಡೆ ತಿರುಗುತ್ತದೆ ಎಂದು ಅದರಲ್ಲಿ ಚಿತ್ರ ಸಮೇತ ಬರೆದಿತ್ತು. ಹುಟ್ಟು ಹಾಕುವ ಒಂದೊಂದು ಬಗೆಗೂ ಒಂದೊಂದು ಹೆಸರು.

ದೀಪಾವಳಿಯ ದಿನ ಎಣ್ಣೆನೀರು, ಹೋಳಿಗೆ ಊಟ ಮುಗಿಸಿ ಇವರು ಆ ಪುಸ್ತಕವನ್ನು ಅಪ್ಪನ ಮುಂದಿಟ್ಟರು.

"ಮಾವ, ಇದಕ್ಕೆಲ್ಲ ಕನ್ನಡದಲ್ಲಿ ಏನಂತಾರೆ?"

ಅಷ್ಟೇ. ಅಪ್ಪನಿಗೆ ಕನ್ನಡಕ ಎಲ್ಲಿ ಎಂದು ಹುಡುಕುವಷ್ಟು ವ್ಯವಧಾನವಿರಲಿಲ್ಲ, ನನ್ನಿಂದ ಓದಿಸಿಕೊಂಡರು. ಹಿಂದೆ ಕೂತವನು ಹುಟ್ಟನ್ನು ನೀರಿನಲ್ಲಿ ಅಲುಗಿಸದೆ ಇಳಿಬಿಟ್ಟು ಹಿಡಿದರೆ ಅದು ಚುಕ್ಕಾಣಿ, ಇದಕ್ಕೆ ತಕರಾರಿರಲಿಲ್ಲ. ದೋಣಿಯ ಅಂಚಿಗೆ ಹುಟ್ಟಿನ ಕೋಲನ್ನು ಆನಿಸಿ ನೀರನ್ನು ಆಚೆಗೆ ತಳ್ಳಿದರೆ ಮೀಟು. ಕೈ ಚಾಚಿ ಅರ್ಧಚಂದ್ರವಾಗಿ ಸುತ್ತಿ ತಂದರೆ ಬಳಸು. ಹುಟ್ಟು ಹಾಕಿದ ಮೇಲೆ ಕೊನೆಯಲ್ಲಿ ಮಣಿಕಟ್ಟು ತಿರುವಿ ನೀರನ್ನು ಹೊರಕ್ಕೆ ಒದೆಯುವುದೊಂದಿದೆ, ಒಂಟಿಯಾಗಿ ಹೋಗುವವನ ದೋಣಿ ಅಡ್ಡ ತಿರುಗದಿರಲಿ ಎಂದು. ಅದಕ್ಕೆ ಕೊಕ್ಕೆ ಎಂದರು ಇವರು. ಕೊಕ್ಕೆ ಸಿಕ್ಕಾಗ ಅಪ್ಪ ಇವರ ಬೆನ್ನು ತಟ್ಟಿದ್ದನ್ನು ನಾನೇ ಕಂಡೆ. ಅಪ್ಪ ಮುಟ್ಟಿ ಮಾತಾಡಿಸುವ ಪೈಕಿಯಲ್ಲ.

ಬರೀ ಓದಿದರೆ ಸಾಲದೆಂದು ನಡುಮನೆಯಲ್ಲಿ ಪ್ರಯೋಗ ಶುರುವಾಯಿತು. ಅಪ್ಪ ಮುಂದೆ ಒಂದು ಮಣೆ, ಇವರು ಹಿಂದೆ ಒಂದು ಮಣೆ ಹಾಕಿಕೊಂಡು ಕೂತರು. ಅಪ್ಪನ ಕೈಯಲ್ಲಿ ಒನಕೆ, ಇವರ ಕೈಯಲ್ಲಿ ಮುದ್ದೆ ಕೋಲು. "ಎಡಕ್ಕೆ ಬಳಸು!" "ಬಳಸಿದೆ ಮಾವ!" "ಮೀಟು!" "ಮೀಟಿದೆ!" ಎಂದು ಗಾರೆ ನೆಲದ ಮೇಲೆ ಬೆವರು ಸುರಿಸುತ್ತಾ ಹುಟ್ಟು ಹಾಕಿದರು. ಅವ್ವ ಒನಕೆ ಬೇಕೆಂದು ಮೂರು ಸಲ ಬಂದು ನಿಂತು ಹೋದಳು. ಹಬ್ಬದ ಎಲೆ ಅಡಿಕೆ ಕೊಡಲು ಬಂದ ಪಕ್ಕದ ಮನೆಯವರು ಹೊಸಿಲಲ್ಲಿ ನಿಂತು ನೋಡಿ, ಮನೆಯಲ್ಲಿ ಏನೋ ನಡೀತಿದೆ ಎಂದು ಸದ್ದಿಲ್ಲದೆ ಹಿಂದಿರುಗಿದರು. ಹೊಸದಾಗಿ ಮದುವೆಯಾದ ನನ್ನ ಕಡೆಗೆ ಹೊಸ ಗಂಡ ಒಂದೇ ಒಂದು ಸಲ ಬಿಟ್ಟರೆ ತಿರುಗಿಯೂ ನೋಡಲಿಲ್ಲ. ಆದರೂ ನನಗೆ ಒಳಗೊಳಗೇ ಖುಷಿ. ಮಾವ ಅಳಿಯ ಹೊಂದಿಕೊಂಡರಲ್ಲ, ಸಾಕು ಎಂದುಕೊಂಡು ಪೆಟ್ಟಿಗೆಗೆ ಸೀರೆ ತುಂಬಿದೆ.

ಮೂರನೆಯ ದಿನಕ್ಕೆ ಒಂದೇ ಒಂದು ಉಳಿಯಿತು. ಹುಟ್ಟನ್ನು ದೋಣಿಯಿಂದ ಆದಷ್ಟು ದೂರಕ್ಕೆ ನೀರಿನಲ್ಲಿ ನೆಟ್ಟು ತನ್ನ ಕಡೆಗೆ ಎಳೆದುಕೊಳ್ಳುವುದು. ದೋಣಿ ಆ ಪಕ್ಕಕ್ಕೆ ಸರಿಯುತ್ತದೆ.

"ಇದು ಎಳೆತ," ಎಂದರು ಇವರು.

"ಎಳೆದರೆ ಹುಟ್ಟು ಬರುತ್ತೋ, ದೋಣಿ ಹೋಗುತ್ತೋ?" ಅಪ್ಪ ಕೇಳಿದರು.

"ದೋಣಿ ಹೋಗುತ್ತೆ ಮಾವ."

"ಹಾಗಾದ್ರೆ ಹುಟ್ಟು ಇದ್ದಲ್ಲೇ ಇದೆ. ದೋಣಿ ತಾನಾಗಿ ಅದರ ಸಮೀಪಕ್ಕೆ ಹೋಗ್ತಿದೆ. ಇದು ಎಳೆತ ಹೇಗಾಯ್ತು? ಇದು ಅಭಿಗಮನ."

ಇವರು ನಕ್ಕುಬಿಟ್ಟರು. "ಮಾವ, ಎದುರಿಗೆ ಬಂಡೆ ಬಂದಾಗ 'ಅಭಿಗಮನ ಮಾಡಿ' ಅನ್ನೋಷ್ಟರಲ್ಲಿ ತಲೆ ಒಡೆದು ಹೋಗಿರುತ್ತೆ."

ಅಪ್ಪ ಜೀವಮಾನವಿಡೀ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದರೂ ಅವರ ಶಬ್ದಕ್ಕೆ ಯಾರೂ ಎದುರಿಗೆ ನಕ್ಕಿರಲಿಲ್ಲ. "ಮಸಿ ಮೆತ್ತಿಕೊಂಡು ಹಗಲೆಲ್ಲಾ ಗೆರೆ ಎಳೆಯೋರಿಗೆ ಎಲ್ಲವೂ ಎಳೆತದ ಹಾಗೇ ಕಾಣುತ್ತೆ," ಎಂದರು. ಇವರ ಮುಖ ಕೆಂಪಾಯಿತು. "ದೋಣಿ ಹತ್ತದೇ ಇರೋರು ದೋಣಿಗೆ ಹೆಸರಿಡಬಾರದು," ಎಂದರು. ಅಪ್ಪ ಒನಕೆಯನ್ನು ಗೋಡೆಗೆ ಒರಗಿಸಿದರು. ಇವರು ಮುದ್ದೆ ಕೋಲನ್ನು ಅವ್ವನ ಕೈಗೆ ಕೊಟ್ಟು, ಟೋಪಿ ಹಾಕಿಕೊಂಡು, ಸ್ಟೇಷನ್ನಿಗೆ ಹೊರಟೇಹೋದರು. ನನ್ನ ಮಡಿಲು ತುಂಬಲು ಮೊರದಲ್ಲಿ ಅಕ್ಕಿ, ತೆಂಗಿನಕಾಯಿ ಇಟ್ಟುಕೊಂಡಿದ್ದ ಅವ್ವ ಹಾಗೇ ನಿಂತಿದ್ದಳು.

ಅಲ್ಲಿಂದ ಶುರುವಾಯಿತು ನೋಡಿ. ಅಳಿಯ ಬಂದು ಅಭಿಗಮನವೇ ಸರಿ ಎನ್ನುವವರೆಗೂ ಮಗಳನ್ನು ಕಳಿಸುವುದಿಲ್ಲ ಎಂದು ಅಪ್ಪ. ಮಾವ ಎಳೆತ ಎಂದು ಒಪ್ಪುವವರೆಗೂ ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಇವರು. ನನ್ನ ಪೆಟ್ಟಿಗೆ ತಲೆಬಾಗಿಲ ಪಕ್ಕದಲ್ಲೇ ಉಳಿಯಿತು. ಕಾರ್ತಿಕ ಮಾಸದಲ್ಲಿ ಅದರ ಮೇಲೆ ದೀಪ ಇಟ್ಟರು. ಆಮೇಲೆ ಬೆಕ್ಕು ಮಲಗಿತು. ಆಮೇಲೆ ಬಂದವರು ಕೂರಲು ಶುರುಮಾಡಿದರು. ಬಂದವರೆಲ್ಲಾ ಕೇಳುವುದು ಒಂದೇ. "ಯಾಕೆ ಮಾರಾಯ್ತಿ, ಇನ್ನೂ ಇಲ್ಲೇ ಇದೀಯಲ್ಲ? ಗಂಡ ಕರಕೊಂಡು ಹೋಗಲಿಲ್ವಾ?" ನಾನು ಏನು ಹೇಳಲಿ? ಕೊಟ್ಟ ಬಿಟ್ಟ ಒಡವೆಯ ಜಗಳ ಎಂದರೆ ಜನಕ್ಕೆ ಅರ್ಥವಾಗುತ್ತಿತ್ತು. ಗಂಡ ಕುಡುಕ ಎಂದಿದ್ದರೆ ಎಲ್ಲರೂ ಕೂತು ಅತ್ತು ಹೋಗುತ್ತಿದ್ದರು. ದೋಣಿ ಹುಟ್ಟಿನ ಹತ್ತಿರ ಹೋಗುತ್ತದೋ ಹುಟ್ಟು ದೋಣಿಯ ಹತ್ತಿರ ಬರುತ್ತದೋ ಗೊತ್ತಾಗದೆ ನಾನು ತವರಿನಲ್ಲಿ ಕೂತಿದ್ದೇನೆ ಎಂದು ಯಾವ ಬಾಯಿಂದ ಹೇಳುವುದು? ಒಬ್ಬ ಅಜ್ಜಿಗೆ ತಡೆಯಲಾರದೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, ಅವ್ವನಿಗೆ ಗುಟ್ಟಾಗಿ ತಾಯಿತದ ವಿಷಯ ಹೇಳಿ ಹೋದಳು.

ನನಗೆ ಗಂಡನ ಮೇಲೆ ಮನಸ್ಸಾಗಿತ್ತು, ಹೇಳಿಬಿಡುತ್ತೇನೆ. ಆ ಮೂರು ದಿನದಲ್ಲಿ ಇವರು ನನ್ನೊಡನೆ ಆಡಿದ್ದು ನಾಲ್ಕು ಮಾತಿರಬೇಕು. ಆದರೆ ಒನಕೆ ಹಿಡಿದ ಅಪ್ಪನ ಹಿಂದೆ ಕೂತು ಮುದ್ದೆ ಕೋಲಿನಲ್ಲಿ ಹುಟ್ಟು ಹಾಕುವಾಗ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದ್ದರು. ಅದನ್ನೇ ನೆನೆಸಿಕೊಂಡು ನಾನು ಸಂಕ್ರಾಂತಿಯವರೆಗೆ ಎಳ್ಳು ಹುರಿದೆ, ಬೆಲ್ಲ ಹೆಚ್ಚಿದೆ. ಆಮೇಲೆ ತಾಳ್ಮೆ ಹರಿಯಿತು. ಎಳ್ಳಿನ ಬಾಣಲೆಯನ್ನು ಧಡ್ ಎಂದು ಕುಕ್ಕಿ, "ಅವ್ವಾ, ನನ್ನನ್ನ ಭದ್ರಾವತಿಗೆ ಕಳಿಸ್ತೀರೋ, ಇಲ್ಲಾ ನಾನೇ ತುಂಗೆಗೆ ಹಾರಿ ತೇಲ್ಕೊಂಡು ಹೋಗ್ಲೋ?" ಎಂದು ಕೂಗಾಡಿದೆ.

"ತುಂಗೆ ಆ ಕಡೆ ಹರಿಯಲ್ಲ ಕಣೇ," ಎಂದಳು ಅವ್ವ. ಆಮೇಲೆ ಒಲೆಯ ಮುಂದೆ ಕೂತು ಸ್ವಲ್ಪ ಹೊತ್ತು ಯೋಚನೆ ಮಾಡಿ, ಅಪ್ಪನ ಹತ್ತಿರ ಹೋದಳು. "ಮಾತಾಡಿ ಏನು ಬಂತು? ಹೊಳೆಯಲ್ಲೇ ತೋರಿಸಿಬಿಡಿ. ದೋಣಿ ಹತ್ತದೇ ಇರೋರು ಅಂದ್ನಲ್ಲ, ಹತ್ತಿ ತೋರಿಸಿ. ನೀವು ಗೆದ್ರೆ ಅವನು ತಪ್ಪಾಯ್ತು ಅಂತ ಇವಳನ್ನ ಕರಕೊಂಡು ಹೋಗಲಿ. ಅವನು ಗೆದ್ರೆ ನೀವು ಒಪ್ಪಿಕೊಂಡು ಕಳಿಸಿಕೊಡಿ." ಅಪ್ಪನಿಗೆ ಇದು ನ್ಯಾಯವೆನ್ನಿಸಿತು. ಯಾರು ಗೆದ್ದರೂ ನಾನು ಹೋಗುತ್ತೇನೆ ಎನ್ನುವುದು ಅವರಿಗೆ ಹೊಳೆಯಲಿಲ್ಲ, ಅಥವಾ ಹೊಳೆದೂ ಸುಮ್ಮನಿದ್ದರು. ಅವ್ವ ನನ್ನ ಕಿವಿಯಲ್ಲಿ, "ಪೆಟ್ಟಿಗೆ ದೋಣಿಯಲ್ಲಿರಲಿ, ಮರೀಬೇಡ," ಎಂದಳು. ಸಂಜೆಯೊಳಗೆ ಭದ್ರಾವತಿಗೆ ಹೋಗುವವರೊಬ್ಬರ ಕೈಯಲ್ಲಿ ಇವರಿಗೆ ಸುದ್ದಿ ಹೋಯಿತು.

ಹೀಗೆ ಒಂದು ಬೆಳಿಗ್ಗೆ ಅಪ್ಪ, ನಾನು, ನನ್ನ ಪೆಟ್ಟಿಗೆ ರೈಲಿನಲ್ಲಿ ಭದ್ರಾವತಿಗೆ ಬಂದೆವು. ಅಪ್ಪನ ಹೆಗಲಲ್ಲಿ ಬುತ್ತಿ ಗಂಟು. ಮಗಳಿಗೆ ಒಂದು ಮಗುವಾಗುವ ತನಕ ಆ ಮನೆಯಲ್ಲಿ ಅಪ್ಪ ಅನ್ನ ಮುಟ್ಟುವ ಹಾಗಿಲ್ಲ, ಹೆಣ್ಣು ಕೊಟ್ಟ ಮನೆಗೆ ಕಾರಣವಿಲ್ಲದೆ ಹೋಗುವ ಹಾಗೂ ಇಲ್ಲ. ನಮ್ಮ ಕಡೆಯ ಪದ್ಧತಿ ಅದು. ಅಪ್ಪ ಅದನ್ನು ಇನ್ನೂ ಬಿಗಿ ಮಾಡಿಕೊಂಡಿದ್ದರು. ಭದ್ರಾ ಹೊಳೆಯ ಈಚೆ ಹಳೇ ಊರು, ಆಚೆ ಕಾರ್ಖಾನೆ ಮತ್ತು ಕ್ವಾರ್ಟರ್ಸು. ಆಚೆಯ ದಡ ಅಳಿಯನ ದಡ, ಅದನ್ನು ತಾನು ತುಳಿಯುವುದಿಲ್ಲ ಎಂದರು. ಎರಡು ದಡಕ್ಕೂ ನಡುವೆ ಒಳ್ಳೆಯ ಕಲ್ಲಿನ ಸೇತುವೆ ಇತ್ತು. ಜಟಕಾ, ಎತ್ತಿನಗಾಡಿ, ಸೈಕಲ್ಲು, ಕುರಿಮಂದೆ ಎಲ್ಲವೂ ಅದರ ಮೇಲೆ ಆರಾಮಾಗಿ ಓಡಾಡುತ್ತಿದ್ದವು. ನಾವು ಮಾತ್ರ ಹಳೇ ಊರಿನ ಸೋಪಾನದ ಮೇಲೆ ಪೆಟ್ಟಿಗೆ ಇಟ್ಟುಕೊಂಡು ದೋಣಿಗೆ ಕಾದೆವು.

ಇವರು ಆಚೆ ದಡದಿಂದ ಒಬ್ಬರೇ ಹುಟ್ಟು ಹಾಕಿಕೊಂಡು ಬಂದರು. ನೆಟ್ಟಗೆ, ಕೊಕ್ಕೆಯ ಮೇಲೆ ಕೊಕ್ಕೆ ಹಾಕುತ್ತಾ. ಅಪ್ಪ ಅದನ್ನೇ ನೋಡುತ್ತಾ ಮೆಲ್ಲಗೆ, "ಕೊಕ್ಕೆ ಚೆನ್ನಾಗಿ ಹಾಕ್ತಾನೆ," ಎಂದರು. ದೋಣಿ ಹತ್ತಿರ ಬಂದ ಕೂಡಲೇ ಮುಖ ಗಂಟಿಕ್ಕಿಕೊಂಡರು.

ಕೂರುವ ಜಾಗದ ವಿಷಯದಲ್ಲಿ ಮಾತ್ರ ಜಗಳವಾಗಲಿಲ್ಲ. ಹಿರಿಯರಿಗೆ ಬೆನ್ನು ಹಾಕಿ ಕೂರಬಾರದೆಂದು ಇವರು ಹಿಂದೆ ಕೂತರು, ಮುನಿಸಿಕೊಂಡವನ ಮುಖ ನೋಡಬಾರದೆಂದು ಅಪ್ಪ ಮುಂದೆ ಕೂತರು. ನಡುವೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ನಾನು. ಇಬ್ಬರಿಗೂ ಮಾತಿಲ್ಲವಾದ್ದರಿಂದ ಮಾತನ್ನು ದಾಟಿಸುವ ಕೆಲಸ ನನ್ನದು.

"ನಿಮ್ಮಪ್ಪನಿಗೆ ಹೇಳು, ಬಲಕ್ಕೆ ಮೀಟಬೇಕು ಅಂತ."

"ಅಪ್ಪಾ, ಬಲಕ್ಕೆ ಮೀಟಬೇಕಂತೆ."

"ನಿನ್ನ ಗಂಡನಿಗೆ ಹೇಳು, ಮೀಟೋ ಅಗತ್ಯ ಇಲ್ಲ, ಇಲ್ಲಿ ಅಭಿಗಮನ ಮಾಡಬೇಕು ಅಂತ."

"ರೀ, ಅಭಿಗಮನ ಮಾಡಬೇಕಂತೆ."

"ಅಂಥದ್ದು ಯಾವುದೂ ನನಗೆ ಗೊತ್ತಿಲ್ಲ ಅನ್ನು. ಎಳೆತ ಅಂದ್ರೆ ಮಾಡ್ತೀನಿ."

"ಅಪ್ಪಾ, ಎಳೆತ ಅಂದ್ರೆ ಮಾಡ್ತಾರಂತೆ."

"ಎಳೆತ ಅಂತ ನನ್ನ ಬಾಯಲ್ಲಿ ಬರಲ್ಲ ಅನ್ನು!"

ಇಷ್ಟು ಮಾತು ನನ್ನ ಮೂಲಕ ಹೋಗಿ ಬರುವಷ್ಟರಲ್ಲಿ ಮೀಟಿ ತಪ್ಪಿಸಿಕೊಳ್ಳಬೇಕಾಗಿದ್ದ ಬಂಡೆಗೆ ದೋಣಿ ಉಜ್ಜಿಕೊಂಡು ಮುಂದೆ ಹೋಗಿತ್ತು. ಅಪ್ಪ ಇನ್ನು ಮಾತಿನಿಂದ ಪ್ರಯೋಜನವಿಲ್ಲವೆಂದು, ಹುಟ್ಟನ್ನು ಹಳೇ ಊರಿನ ಕಡೆಗೆ ದೂರ ನೆಟ್ಟು ಎಳೆದರು. ದೋಣಿಯ ಮೂತಿ ಆ ಕಡೆ ಹೋಯಿತು. "ನೋಡು! ದೋಣಿ ಹೋಯ್ತೋ ಇಲ್ಲವೋ ಹುಟ್ಟಿನ ಹತ್ತಿರಕ್ಕೆ? ಕೇಳು ಅವನ್ನ!" ಇವರು ಬಿಡುತ್ತಾರೆಯೇ? ಇವರು ಕಾರ್ಖಾನೆಯ ಕಡೆಗೆ ನೆಟ್ಟು ಎಳೆದರು. ದೋಣಿಯ ಬಾಲ ಈ ಕಡೆ ಬಂತು. "ನೋಡ್ದೆ ತಾನೇ? ಹೇಳು ಅವರಿಗೆ, ನಾನು ಎಳೆದೆ, ಬಂತು!" ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ. ಅಪ್ಪ ಮತ್ತೊಂದು ಅಭಿಗಮನ ಮಾಡಿದರು, ಇವರು ಮತ್ತೊಂದು ಎಳೆತ ಎಳೆದರು. ದೋಣಿ ಇದ್ದಲ್ಲೇ ಗಿರಗಿರ ತಿರುಗತೊಡಗಿತು.

ನಾನು ಪೆಟ್ಟಿಗೆಯ ಹಿಡಿಕೆ ಹಿಡಿದುಕೊಂಡು ಕೂತಿದ್ದೆ. ಕಾರ್ಖಾನೆಯ ಹೊಗೆ ಕೊಳವೆ ಕಂಡಿತು, ಗುಡಿಯ ಗೋಪುರ ಕಂಡಿತು, ಮತ್ತೆ ಹೊಗೆ ಕೊಳವೆ, ಮತ್ತೆ ಗೋಪುರ. ಒಂದು ಗಂಡನ ಮನೆ, ಒಂದು ತವರಿನ ದಾರಿ. ಅಪ್ಪನ ಬೆನ್ನು ಬೆವೆತು ವಿಭೂತಿಯ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ಇವರು ಹಲ್ಲು ಕಚ್ಚಿಕೊಂಡು ಎಳೆಯುತ್ತಿದ್ದರು. ಇಬ್ಬರಿಗೂ ತಾವು ಗೆಲ್ಲುತ್ತಿದ್ದೇವೆ ಎಂಬ ಖಾತ್ರಿ. ತಿರುಗುತ್ತಾ ತಿರುಗುತ್ತಾ ನಾವು ಹೊಳೆಯ ಜೊತೆ ಸೇತುವೆಯ ಕಡೆಗೆ ಹೊರಟಿದ್ದೇವೆ ಎಂಬುದು ನನ್ನ ಹೊರತು ಯಾರಿಗೂ ಬೇಕಾಗಿರಲಿಲ್ಲ.

ಸೇತುವೆಯ ಮೇಲೆ ಜನ ಸೇರಿದ್ದರು. ಕಾರ್ಖಾನೆಯ ಪಾಳಿ ಬಿಟ್ಟ ಹೊತ್ತು. ಒಬ್ಬ ತಮಿಳಿನಲ್ಲಿ ದಾರಿ ತೋರಿಸಿದ, ಒಬ್ಬ ತೆಲುಗಿನಲ್ಲಿ ಅದಕ್ಕೆ ವಿರುದ್ಧವಾದ ದಾರಿ ತೋರಿಸಿದ. ಜಟಕಾ ಸಾಹೇಬರೊಬ್ಬರು ಗಾಡಿ ನಿಲ್ಲಿಸಿ, ಕುದುರೆಗೆ ಹೇಳುವ ಹಾಗೆ ನಮ್ಮ ದೋಣಿಗೆ ನಾಲಿಗೆ ಲೊಚಗುಟ್ಟಿದರು. "ಏನ್ ಮಾರಾಯ್ರೇ, ಎಲ್ಲಿಗೆ ಹೋಗ್ಬೇಕು ನೀವು?" ಎಂದು ಯಾರೋ ಕೂಗಿ ಕೇಳಿದರು.

"ಆಚೆ ದಡಕ್ಕೆ!" ಎಂದು ನಾನು ಕಿರುಚಿದೆ.

"ಸೇತುವೆ ಇದೆಯಲ್ಲಮ್ಮ!"

ನನಗೆ ಬಂದ ಸಿಟ್ಟಿಗೆ ಆ ಮನುಷ್ಯ ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ. ಅಷ್ಟರಲ್ಲಿ ದೋಣಿ ಸೇತುವೆಯ ಕಂಬಕ್ಕೆ ಮೈ ಒರೆಸಿಕೊಂಡು ಕಮಾನಿನ ಕೆಳಗೆ ನುಗ್ಗಿತು. ಒಳಗೆ ಕತ್ತಲು. ಆ ಕತ್ತಲಲ್ಲೂ "ಅಭಿಗಮನ", "ಎಳೆತ" ಎಂದು ಎರಡು ದನಿ ಗುಂಯ್‌ಗುಡುತ್ತಿದ್ದವು. ಆಚೆ ಬೆಳಕಿಗೆ ಬಂದಾಗ ಜನವೆಲ್ಲಾ ಓಡಿ ಈ ಕಡೆಯ ಕಟ್ಟೆಗೆ ಬಂದಿದ್ದರು. ಕಂಬ ತಾಗಿದ್ದರಿಂದ ತಿರುಗುವುದು ನಿಂತಿತ್ತು, ದೋಣಿ ಹೊಳೆಯುದ್ದಕ್ಕೆ ನೆಟ್ಟಗೆ ನಿಂತಿತ್ತು. ಆದರೆ ಅಲ್ಲಿ ಹೊಳೆ ಬಳುಕುತ್ತದೆ. ನೀರು ನಮ್ಮನ್ನು ಮೆಲ್ಲಗೆ ಹಳೇ ಊರಿನ ದಡದ ಕಡೆಗೇ ಒಯ್ಯುತ್ತಿತ್ತು.

ಆ ದಡ ಹತ್ತಿರವಾಗುವುದನ್ನು ನಾನು ನೋಡಿದೆ. ಅಲ್ಲಿಗೆ ತಾಗಿದರೆ ಆಯಿತು. ಅಪ್ಪ ಇಳಿದು, ತೀರ್ಮಾನವಾಗಲಿಲ್ಲ ಎಂದು ಹೇಳಿ, ಸಂಜೆಯ ಗಾಡಿಗೆ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಪೆಟ್ಟಿಗೆಯ ಮೇಲೆ ಮತ್ತೆ ಬೆಕ್ಕು ಮಲಗುತ್ತದೆ. ಇನ್ನೊಂದು ದೀಪಾವಳಿ ಬರುತ್ತದೆ. ನನಗೆ ಅಳು ಬರಬೇಕಾಗಿತ್ತು, ಬಂದದ್ದು ರೋಷ.

ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪೆಟ್ಟಿಗೆಯಿಂದ ಮುಂದಕ್ಕೆ ಮೊಣಕಾಲೂರಿ ಇಳಿದೆ. ದೋಣಿ ಒಂದು ಕಡೆ ವಾಲಿ ನೀರು ಒಳಗೆ ಬಂತು. "ಅಪ್ಪಾ, ಕೊಡಿ ಇಲ್ಲಿ!" ಎಂದು ಹುಟ್ಟಿಗೆ ಕೈ ಹಾಕಿದೆ. ಜಗ್ಗಾಡಬೇಕಾದೀತು ಎಂದುಕೊಂಡಿದ್ದೆ. ಅಪ್ಪ ಗಟ್ಟಿಯಾಗಿ ಹಿಡಿಯಲೇ ಇಲ್ಲ, ಕೈಬಿಟ್ಟರು. ಇವರು ಹಿಂದೆ ಕಾರ್ಖಾನೆಯ ಕಡೆಗೆ ಎಳೆಯುತ್ತಲೇ ಇದ್ದರು. ನಾನೂ ಅದೇ ಕಡೆಗೆ ಹುಟ್ಟನ್ನು ಚುಚ್ಚಿ, ಬಾವಿಯಿಂದ ಬಿಂದಿಗೆ ಸೇದುವ ಹಾಗೆ ಎರಡು ಕೈಯಲ್ಲೂ ಜಗ್ಗಿದೆ. ಮತ್ತೆ ಚುಚ್ಚಿದೆ, ಮತ್ತೆ ಜಗ್ಗಿದೆ. ಮೂತಿ ಬಾಲ ಎರಡೂ ಒಟ್ಟಿಗೆ ಸರಿದವು. ದೋಣಿ ಏಡಿಯ ಹಾಗೆ ಅಡ್ಡಡ್ಡವಾಗಿ ಹೊಳೆ ದಾಟತೊಡಗಿತು. ಸೇತುವೆಯ ಮೇಲೆ ಕೇಕೆ ಹಾಕಿದರು. ನಾನು ಯಾರನ್ನೂ ನೋಡಲಿಲ್ಲ, ಬಾಯಿಗೆ ಬಂದ ಹಾಗೆ ಇಬ್ಬರನ್ನೂ ಬೈಯುತ್ತಾ ಸೇದಿದೆ. ಕಾರ್ಖಾನೆಯ ದಡದ ಕೆಸರಿಗೆ ದೋಣಿ ಪಕ್ಕೆ ಕೊಟ್ಟು ತಗುಲಿದಾಗ ನನ್ನ ಅಂಗೈ ಎರಡರಲ್ಲೂ ಬೊಬ್ಬೆ ಬಂದಿದ್ದವು.

ದಡಕ್ಕೆ ಇಳಿದು ಉಸಿರು ಬಿಟ್ಟೆ. ಹಿಂದೆ ಮಾತು ಕೇಳಿಸಿತು.

"ನೋಡಿದ್ರಾ ಮಾವ? ಮೇಲಿನ ಕೈ ಹಿಡಿಯ ತುದಿಯಲ್ಲಿರಬೇಕು. ಇವಳು ಎರಡು ಕೈನೂ ನಡುವೆ ಹಿಡಿದಿದ್ಳು."

"ಹೌದು ಅಳಿಯಂದ್ರೇ. ಅಲಗು ಕೂಡ ಅಡ್ಡ ಇತ್ತು. ಪುಸ್ತಕದಲ್ಲಿ ಎಷ್ಟು ಸ್ಪಷ್ಟವಾಗಿದೆ!"

"ಇದನ್ನ ಹುಟ್ಟು ಹಾಕೋದು ಅಂತ ಹೇಳೋಕೇ ಆಗಲ್ಲ."

"ಛೆ ಛೆ, ಇದಕ್ಕೆ ಹೆಸರೇ ಇಲ್ಲ."

ದೀಪಾವಳಿಯಿಂದ ಮಾತು ಬಿಟ್ಟಿದ್ದ ಇಬ್ಬರು, ನಾನು ಹುಟ್ಟು ಹಾಕಿದ್ದು ತಪ್ಪು ಎನ್ನುವುದರಲ್ಲಿ ಒಂದಾಗಿದ್ದರು. ತಲೆಗೆ ತಲೆ ಕೊಟ್ಟು, ಮೊಣಕಾಲುದ್ದ ಕೆಸರಿನಲ್ಲಿ ನಿಂತು, ನನ್ನ ಹಿಡಿತವನ್ನು ಗಾಳಿಯಲ್ಲಿ ಮಾಡಿ ತೋರಿಸಿಕೊಂಡು ನಗುತ್ತಿದ್ದರು. ನಾನು ಪೆಟ್ಟಿಗೆಯನ್ನು ಎಳೆದು ದಡದ ಮೇಲಿಟ್ಟು ಅದರ ಮೇಲೆ ಕೂತೆ. ಸೀರೆಗಳೆಲ್ಲಾ ತೊಯ್ದು ಬಣ್ಣ ಬಿಟ್ಟಿದ್ದವು. ಆದರೂ ಪೆಟ್ಟಿಗೆ ಸರಿಯಾದ ದಡದಲ್ಲಿತ್ತು.

ಅಪ್ಪ ಅಳಿಯನ ದಡವನ್ನು ತುಳಿದಾಗಿತ್ತು. ಆದರೂ ಮನೆಯೊಳಗೆ ಬರಲಿಲ್ಲ. ಜಗಲಿಯಲ್ಲಿ ಅಳಿಯನ ಒಣ ಪಂಚೆ ಉಟ್ಟು, ಒದ್ದೆಯಾಗದೆ ಉಳಿದಿದ್ದ ಬುತ್ತಿಯ ರೊಟ್ಟಿಯನ್ನು ತಿಂದರು. ನಾನು ಆ ಮನೆಯ ಮೊದಲ ಒಲೆ ಹೊತ್ತಿಸುವಾಗ ಹೊರಗೆ ಕೂತು ಹೊಗೆಯನ್ನೇ ನೋಡುತ್ತಿದ್ದರು. ಎಳೆತವೋ ಅಭಿಗಮನವೋ ಎನ್ನುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಸೇತುವೆಯವರ ಮುಂದೆ ಮಾನ ಉಳಿದದ್ದೇ ಸಾಕಾಗಿತ್ತು ಎಂದು ಕಾಣುತ್ತದೆ.

ಸಂಜೆಯ ಗಾಡಿಗೆ ಅಪ್ಪನನ್ನು ಬಿಡಲು ನಾನೂ ಸ್ಟೇಷನ್ನಿಗೆ ಹೋದೆ. ಇವರು ಟಿಕೇಟು ತರಲು ಹೋದಾಗ ಪ್ಲಾಟ್‌ಫಾರಮ್ಮಿನಲ್ಲಿ ನಾವಿಬ್ಬರೇ ಉಳಿದೆವು. ಅಪ್ಪ ಅಳಿಯನ ಪಂಚೆಯ ಚುಂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹಳಿಯ ಕಡೆ ನೋಡುತ್ತಿದ್ದರು.

"ಎಳೆತ ಅನ್ನೋದೇ ಸರಿ ಕಣಮ್ಮ," ಎಂದರು.

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನ್ನಿಸಿತು. "ಏನಂದ್ರಿ?"

"ಹೊಳೆ ನಡುವೆ ನಿಂತು ಯಾವನು ಅಭಿಗಮನ ಅಂತಾನೆ? ಎಳಿ ಅಂತಾನೆ. ನನಗೆ ಅವತ್ತು ಮಣೆ ಮೇಲೆ ಕೂತಾಗಲೇ ಗೊತ್ತಿತ್ತು."

ನನ್ನ ಮೈಯೆಲ್ಲಾ ಬೆಂಕಿಯಾಯಿತು. ದೀಪಾವಳಿ, ಕಾರ್ತಿಕ, ಬೆಕ್ಕು, ಆ ಅಜ್ಜಿಯ ತಾಯಿತ, ಎಲ್ಲಾ ಒಟ್ಟಿಗೆ ನೆನಪಿಗೆ ಬಂತು. "ಗೊತ್ತಿದ್ದೂ ಯಾಕೆ ಹೀಗೆ ಮಾಡಿದ್ರಿ ಅಪ್ಪಾ? ಅವತ್ತೇ ಒಪ್ಪಿಕೊಂಡಿದ್ರೆ ಏನಾಗ್ತಿತ್ತು?"

"ಅವತ್ತೇ ನೀನು ಹೋಗಿಬಿಡ್ತಿದ್ದೆ," ಎಂದರು ಅಪ್ಪ.

ಗಾಡಿ ಬಂತು. ಇವರು ಟಿಕೇಟು ತಂದು ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದರು. ನಾನೂ ಮಾಡಿದೆ. ಬಗ್ಗಿದವಳು ಏಳಲು ಸ್ವಲ್ಪ ತಡ ಮಾಡಿದೆ, ಕಣ್ಣು ಒರೆಸಿಕೊಳ್ಳಬೇಕಾಗಿತ್ತು. ಅಪ್ಪ ಬುತ್ತಿಯ ಖಾಲಿ ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತರು. ಇನ್ನು ಅವರಿಗೆ ಇಲ್ಲಿಗೆ ಬರಲು ಕಾರಣವಿಲ್ಲ. ಕಾರಣವಿಲ್ಲದೆ ಬರುವವರೂ ಅಲ್ಲ. ಗಾಡಿ ಹೊರಟಾಗ ಕೈ ಎತ್ತಿದರು, ಇಳಿಸಿದ್ದು ನನಗೆ ಕಾಣಿಸಲಿಲ್ಲ.

ಮನೆಯ ದಾರಿಯಲ್ಲಿ ಇವರು ಕೇಳಿದರು. "ಏನೋ ಹೇಳ್ತಿದ್ರಲ್ಲ ನಿಮ್ಮಪ್ಪ, ಏನಂದ್ರು? ಎಳೆತ ಒಪ್ಪಿಕೊಂಡ್ರಾ?"

ನಾನು ಸೆರಗು ಸರಿಮಾಡಿಕೊಂಡೆ.

"ಎಲ್ಲಿ ಒಪ್ತಾರೆ? ಅಭಿಗಮನವೇ ಸರಿ ಅಂತೆ. ನೀವು ಇವತ್ತು ಹೊಳೆಯಲ್ಲಿ ಮಾಡಿದ್ದು ಯಾವುದೂ ಲೆಕ್ಕಕ್ಕಿಲ್ಲವಂತೆ."

ಇವರು ದಾರಿಯ ನಡುವೆಯೇ ನಿಂತುಬಿಟ್ಟರು. ಮುಖ ದೀಪಾವಳಿಯ ದಿನದ ಹಾಗೇ ಕೆಂಪಾಯಿತು. "ಹೌದಾ? ಹಾಗಂದ್ರಾ? ಬರೋ ತಿಂಗಳು ಬರೋಕೆ ಹೇಳು ಅವರಿಗೆ. ಹೊಳೆ ಇಲ್ಲೇ ಇದೆ, ದೋಣಿ ಇಲ್ಲೇ ಇದೆ. ನೋಡೇಬಿಡೋಣ."

"ಹೇಳಿ ಕಳಿಸ್ತೀನಿ," ಎಂದೆ ನಾನು.

ಮುಂದಿನ ತಿಂಗಳು ಅಪ್ಪ ಬುತ್ತಿ ಕಟ್ಟಿಕೊಂಡು ಬೆಳಗಿನ ಮೊದಲ ಗಾಡಿಗೇ ಬಂದರು.